ಕೀಮೋ ನಡುವೆ ಮೈತುಂಬ ದದ್ದು: ತಪ್ಪು ಯಾವ ಮಾತ್ರೆಯದು?

ಪ್ರಶ್ನೆ: ಮೇಡಂ, ನಾವು ಚಳ್ಳಕೆರೆಯವರು. ನಮ್ಮ ಅಪ್ಪಾಜಿಗೆ 63 ವರ್ಷ. ಸಿಎಲ್‌ಎಲ್ ಅನ್ನೋ ರಕ್ತದ ಕ್ಯಾನ್ಸರ್ ಇದೆ. ಹೋದ ತಿಂಗಳು ಬೆಂಗಳೂರಿನಲ್ಲಿ ಮೊದಲ ಕೀಮೋ ಆಯಿತು. ರಿಟುಕ್ಸಿಮಾಬ್, ಬೆಂಡಾಮಸ್ಟಿನ್ ಕೊಟ್ಟರು. ಅದಕ್ಕೆ ಎರಡು ದಿನ ಮುಂಚೆಯೇ ಅಲೋಪ್ಯುರಿನಾಲ್ ಮಾತ್ರೆ ಶುರುವಾಗಿತ್ತು. ಕೀಮೋ ದಿನದಿಂದಲೇ ಸೆಪ್ಟ್ರಾನ್, ಅಸೈಕ್ಲೋವಿರ್ ಕೂಡ ಕೊಟ್ಟರು. ಏಳನೇ ದಿನ ಗಂಟಲು ನೋವು, ಕೆಮ್ಮು ಬಂತು. ಇಲ್ಲೇ ಹತ್ತಿರದ ಡಾಕ್ಟರ್ ಐದು ದಿನಕ್ಕೆ ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಬರೆದುಕೊಟ್ಟರು. ಹದಿಮೂರನೇ ದಿನ ಎದೆ, ಬೆನ್ನಿನ ಮೇಲೆ ಕೆಂಪು ದದ್ದು ಎದ್ದು ತೊಡೆವರೆಗೂ ಹರಡಿತು. ವಿಪರೀತ ನವೆ. ಬೆಂಗಳೂರಿಗೆ ಫೋನ್ ಮಾಡಿದೆವು. ಅಲೋಪ್ಯುರಿನಾಲ್, ಸೆಪ್ಟ್ರಾನ್ ನಿಲ್ಲಿಸಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಈಗ ದದ್ದು ಕಂದು ಬಣ್ಣಕ್ಕೆ ತಿರುಗಿ ಚರ್ಮ ಹೊಟ್ಟಿನ ಹಾಗೆ ಉದುರುತ್ತಿದೆ. ಮುಂದಿನ ವಾರ ಎರಡನೇ ಕೀಮೋ. ಅಪ್ಪಾಜಿ ಮಾತ್ರ "ಈ ಔಷಧಿ ನನ್ನ ಮೈಗೆ ಒಗ್ಗಲ್ಲ, ನಾನು ಬರಲ್ಲ" ಅಂತ ಕೂತಿದ್ದಾರೆ. ಸೋದರತ್ತೆ ಬೇವಿನ ಸೊಪ್ಪು ಅರೆದು ಹಚ್ಚಿ, ನಂಜಿನ ಪದಾರ್ಥ ಬಿಡಿಸಿ ಅಂತಾರೆ. ಬದನೆಕಾಯಿ, ಮೊಟ್ಟೆ, ಶೇಂಗಾ ಬಿಡಿಸಿದ್ದೇವೆ. ತಪ್ಪು ಯಾವ ಮಾತ್ರೆಯದು? ಕೀಮೋ ಮುಂದುವರಿಸಬಹುದಾ?

ಉತ್ತರ: ಮೊದಲು ಈ ಒಂದು ಮಾತನ್ನು ಅಪ್ಪಾಜಿಗೆ ಓದಿ ಹೇಳಮ್ಮ. ದದ್ದು ಎದ್ದ ಮಾತ್ರಕ್ಕೆ ಕೀಮೋ ಮೈಗೆ ಒಗ್ಗಲಿಲ್ಲ ಅಂತ ಅರ್ಥ ಅಲ್ಲ. ಮುಂದಿನ ವಾರ ಬೆಂಗಳೂರಿಗೆ ಹೋಗಲೇಬೇಕು. ಅಲ್ಲಿ ಕೀಮೋ ಕೊಡುತ್ತಾರೋ, ಒಂದು ವಾರ ಮುಂದೆ ಹಾಕುತ್ತಾರೋ, ಔಷಧಿ ಬದಲಿಸುತ್ತಾರೋ, ಅದನ್ನು ಅವರ ಚರ್ಮ ಮತ್ತು ರಕ್ತದ ರಿಪೋರ್ಟ್ ನೋಡಿದ ಡಾಕ್ಟರ್ ಹೇಳಬೇಕು. ಮನೆಯಲ್ಲೇ ತೀರ್ಮಾನ ಮಾಡಿ ಸುಮ್ನೆ ಕೂತರೆ ನಷ್ಟ ಅಪ್ಪಾಜಿಗೆ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ದಿನದ ಲೆಕ್ಕ. ಯಾವ ಮಾತ್ರೆ ಯಾವತ್ತು ಶುರುವಾಯಿತು, ದದ್ದು ಯಾವತ್ತು ಎದ್ದಿತು, ಎಲ್ಲ ಬರೆದಿದ್ದೀರಿ. ದಾವಣಗೆರೆಯಲ್ಲಿ ಚರ್ಮದ ಡಾಕ್ಟರ್ ಆಗಿ ಇಷ್ಟು ವರ್ಷ ಕೂತ ಮೇಲೆ ಹೇಳುತ್ತಿದ್ದೇನೆ: ಔಷಧಿಯಿಂದ ಬಂದ ದದ್ದಿನ ವಿಷಯದಲ್ಲಿ ಚರ್ಮವನ್ನು ನೋಡಿ ತಿಳಿಯುವುದು ಅರ್ಧ, ಕ್ಯಾಲೆಂಡರ್ ನೋಡಿ ತಿಳಿಯುವುದು ಇನ್ನರ್ಧ. ಜಾಸ್ತಿ ಜನ ಬರಿಗೈಯಲ್ಲಿ ಬರುತ್ತಾರೆ. "ಒಂದು ಬಿಳಿ ಮಾತ್ರೆ, ಒಂದು ಕೆಂಪು ಕ್ಯಾಪ್ಸೂಲ್" ಅನ್ನುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ನಿಮ್ಮ ಲೆಕ್ಕವನ್ನೇ ಹಿಡಿದು ನೋಡೋಣ. ಅಪ್ಪಾಜಿಗೆ ಬಂದದ್ದು ದಡಾರದ ಹಾಗೆ ಕಾಣುವ ದದ್ದು. ಎದೆ ಬೆನ್ನಿನಿಂದ ಶುರುವಾಗಿ ಕೈಕಾಲಿಗೆ ಇಳಿಯುತ್ತದೆ, ತುರಿಸುತ್ತದೆ, ಒಂದೆರಡು ವಾರದಲ್ಲಿ ಸಿಪ್ಪೆ ಎದ್ದು ಹೋಗುತ್ತದೆ. ಔಷಧಿಯಿಂದ ಬರುವ ದದ್ದುಗಳಲ್ಲಿ ಇದೇ ಜಾಸ್ತಿ. ಸಾಮಾನ್ಯವಾಗಿ ಹೊಸ ಔಷಧಿ ಶುರುವಾದ ನಾಲ್ಕರಿಂದ ಹದಿನಾಲ್ಕು ದಿನದೊಳಗೆ ಬರುತ್ತದೆ. ಕೋರ್ಸ್ ಮುಗಿದ ಮೇಲೂ ಬರಬಹುದು. ಈಗ ಎಣಿಸಿ. ದದ್ದು ಎದ್ದ ದಿನ ಅಲೋಪ್ಯುರಿನಾಲ್‌ಗೆ ಹದಿನೈದು ದಿನ ಆಗಿತ್ತು. ಕೀಮೋಗೆ, ಸೆಪ್ಟ್ರಾನ್‌ಗೆ ಹನ್ನೆರಡು ಹದಿಮೂರು ದಿನ. ಅಮಾಕ್ಸಿಸಿಲಿನ್ ಶುರುವಾಗಿ ಆರು ದಿನ, ಮುಗಿದು ಎರಡು ದಿನ. ಅಂದರೆ ಅನುಮಾನ ಪಡಬೇಕಾದ ಎಲ್ಲವೂ ಆ ಅವಧಿಯ ಒಳಗೋ ಅಂಚಿನಲ್ಲೋ ಇವೆ. ಒಂದನ್ನೇ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಬೆಂಗಳೂರಿನವರು ಎರಡನ್ನು ಒಟ್ಟಿಗೆ ನಿಲ್ಲಿಸಿಸಿದ್ದು ಇದಕ್ಕೇ, ಮತ್ತು ಸರಿಯಾಗಿಯೇ ಮಾಡಿದ್ದಾರೆ.

ಆದರೂ ನನ್ನ ಅನುಮಾನ ಎಲ್ಲಿದೆ ಎಂದು ಕೇಳಿದರೆ, ಒಂದೇ ಮಾತ್ರೆಯ ಮೇಲೆ ಇಲ್ಲ. ಜೋಡಿಯ ಮೇಲಿದೆ.

ಅಲೋಪ್ಯುರಿನಾಲ್ ಕ್ಯಾನ್ಸರ್ ಔಷಧಿ ಅಲ್ಲ. ಕೀಮೋ ಕೊಟ್ಟಾಗ ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆಯುತ್ತವೆ. ಒಳಗಿದ್ದದ್ದೆಲ್ಲ ರಕ್ತಕ್ಕೆ ಬಂದು ಯೂರಿಕ್ ಆಸಿಡ್ ಏರುತ್ತದೆ, ಅದು ಕಿಡ್ನಿಯಲ್ಲಿ ಹರಳುಗಟ್ಟಿ ಕಿಡ್ನಿಯನ್ನೇ ಕೆಡಿಸಬಹುದು. ಅದನ್ನು ತಡೆಯಲು ಈ ಮಾತ್ರೆ. ಇದರ ಹುಟ್ಟೇ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಚಿಕಿತ್ಸೆಯ ಜೊತೆ ಬೆಸೆದುಕೊಂಡಿದೆ. ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 6-ಮರ್ಕಾಪ್ಟೊಪ್ಯೂರಿನ್ ಅನ್ನೋ ಲ್ಯುಕೇಮಿಯಾ ಮಾತ್ರೆ ಕಂಡುಹಿಡಿದವರು. ಆ ಮಾತ್ರೆ ಮೈಯಲ್ಲಿ ಬೇಗ ಕರಗಿ ಹೋಗದಿರಲಿ ಎಂದು ಅಲೋಪ್ಯುರಿನಾಲ್ ಜೊತೆಗೆ ಕೊಟ್ಟು ನೋಡಿದರು. ಆಗ ಅದು ಯೂರಿಕ್ ಆಸಿಡನ್ನೂ ಇಳಿಸುತ್ತದೆ ಎಂದು ಗೊತ್ತಾಯಿತು. 1988ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಈ ಒಳ್ಳೆಯ ಮಾತ್ರೆಗೆ ಒಂದು ಕೆಟ್ಟ ಹೊಂದಾಣಿಕೆ ಇದೆ. 1972ರಲ್ಲಿ ಅಮೆರಿಕದ ಬಾಸ್ಟನ್‌ನವರು ಆಸ್ಪತ್ರೆಯ ರೋಗಿಗಳ ಲೆಕ್ಕ ಹಾಕಿ ಪ್ರಕಟಿಸಿದರು. ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರ ತೆಗೆದುಕೊಂಡವರಲ್ಲಿ ನೂರಕ್ಕೆ 7.5 ಜನಕ್ಕೆ ದದ್ದು ಬಂದಿತ್ತು. ಅಲೋಪ್ಯುರಿನಾಲ್ ಮಾತ್ರ ತೆಗೆದುಕೊಂಡವರಲ್ಲಿ ನೂರಕ್ಕೆ 2.1. ಎರಡೂ ಒಟ್ಟಿಗೆ ತೆಗೆದುಕೊಂಡವರಲ್ಲಿ 22.4. ಎರಡನ್ನೂ ಕೂಡಿಸಿದರೆ ಹತ್ತರ ಹತ್ತಿರ ಬರಬೇಕಿತ್ತು, ಬಂದದ್ದು ಅದರ ಎರಡು ಪಟ್ಟಿಗೂ ಮೇಲೆ. ಇದು ಅಲೋಪ್ಯುರಿನಾಲ್‌ನಿಂದಲೋ, ಆ ರೋಗಿಗಳ ಮೈಯಲ್ಲಿದ್ದ ಯೂರಿಕ್ ಆಸಿಡ್‌ನಿಂದಲೋ ಅನ್ನೋ ಚರ್ಚೆ ಆಗಲೇ ಎದ್ದಿತು. ಆಂಪಿಸಿಲಿನ್ ಮತ್ತು ಅಮಾಕ್ಸಿಸಿಲಿನ್ ಒಂದೇ ಮನೆಯ ಅಣ್ಣತಮ್ಮಂದಿರು. ನಿಮ್ಮ ಊರಿನ ಡಾಕ್ಟರ್ ಬರೆದುಕೊಟ್ಟದ್ದರಲ್ಲಿ ಇರುವುದು ಅಮಾಕ್ಸಿಸಿಲಿನ್. ಹಾಗಾಗಿ ಅಲೋಪ್ಯುರಿನಾಲ್ ಮತ್ತು ಅಮಾಕ್ಸಿಸಿಲಿನ್ ನನ್ನ ಅನುಮಾನದ ಮೊದಲ ಜೋಡಿ.

ಇನ್ನೊಂದು ವಿಷಯ. ಸಿಎಲ್‌ಎಲ್‌ನಲ್ಲಿ ಕೆಡುವುದು ಲಿಂಫೋಸೈಟ್‌ಗಳು, ಅಂದರೆ ಮೈಗೆ ಯಾರು ನಮ್ಮವರು, ಯಾರು ಹೊರಗಿನವರು ಎಂದು ಹೇಳಿಕೊಡುವ ಕಣಗಳು. ಅವೇ ಹಳಿ ತಪ್ಪಿದಾಗ ಚರ್ಮ ಸಣ್ಣದಕ್ಕೂ ದೊಡ್ಡದಾಗಿ ಸಿಟ್ಟಾಗುತ್ತದೆ. ಈ ಕಾಯಿಲೆ ಇರುವವರಲ್ಲಿ ಆಂಪಿಸಿಲಿನ್ ದದ್ದು ಜಾಸ್ತಿ ಎಂದು ಹಿಂದಿನಿಂದಲೂ ಗೊತ್ತು. ಕೆಲವರಿಗೆ ಸೊಳ್ಳೆ ಕಚ್ಚಿದ ಹಾಗೆ ದೊಡ್ಡ ಗುಳ್ಳೆ, ನೀರುಗುಳ್ಳೆ ಏಳುತ್ತವೆ. ಎಷ್ಟೋ ಸಲ ಕಚ್ಚಿದ ನೆನಪೇ ಇರುವುದಿಲ್ಲ. ಹೊಲ, ತೋಟದಲ್ಲಿ ಓಡಾಡುವವರಾದರೆ ಅಪ್ಪಾಜಿಗೆ ತುಂಬು ತೋಳಿನ ಅಂಗಿ, ಸೊಳ್ಳೆ ಪರದೆ ಬೇಕೇ ಬೇಕು.

ಎರಡನೇ ಜೋಡಿ ಅಲೋಪ್ಯುರಿನಾಲ್ ಮತ್ತು ಬೆಂಡಾಮಸ್ಟಿನ್. ಇವೆರಡೂ ಒಟ್ಟಿಗೆ ಇದ್ದಾಗ ಚರ್ಮದ ತೀವ್ರ ತೊಂದರೆ ಹೆಚ್ಚಬಹುದು ಎಂದು ಬೆಂಡಾಮಸ್ಟಿನ್ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಎಚ್ಚರಿಕೆ ಇದೆ. ಚರ್ಮ ಸುಟ್ಟ ಹಾಗೆ ಸುಲಿದು ಬರುವ ಸ್ಟೀವನ್ಸ್ ಜಾನ್ಸನ್ ಎಂಬ ಸ್ಥಿತಿಯೂ ವರದಿಯಾಗಿದೆ. ಹಾಗೆಂದು ಡಾಕ್ಟರ್ ತಪ್ಪು ಮಾಡಿದರು ಎಂದು ತಿಳಿಯಬೇಡಿ. ಗಡ್ಡೆಗಳು ದೊಡ್ಡದಿದ್ದು, ಬಿಳಿ ರಕ್ತಕಣ ತುಂಬ ಏರಿದ್ದರೆ ಮೊದಲ ಕೀಮೋದಲ್ಲಿ ಕಿಡ್ನಿ ಉಳಿಸುವುದೇ ಮುಖ್ಯ. ಯಾವ ಅಪಾಯ ದೊಡ್ಡದು ಎಂದು ತೂಗಿ ಕೊಟ್ಟಿರುತ್ತಾರೆ.

ಎರಡನೇ ಕೀಮೋ ಹೊತ್ತಿಗೆ ಆ ತೂಕ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿ ಕ್ಯಾನ್ಸರ್ ಕಣ ಎಷ್ಟೋ ಕಡಿಮೆಯಾಗಿರುತ್ತವೆ, ಒಡೆಯುವುದು ಕಡಿಮೆ, ಯೂರಿಕ್ ಆಸಿಡ್ ಭಯವೂ ಕಡಿಮೆ. ಅಲೋಪ್ಯುರಿನಾಲ್ ಇಲ್ಲದೆಯೇ ಸಾಗಬಹುದು. ಬೇಕೇ ಬಿದ್ದರೆ ಚೆನ್ನಾಗಿ ನೀರು, ಸಲೈನ್, ಬೇರೆ ಔಷಧಿ ಇವೆ. ರಾಸ್ಬ್ಯುರಿಕೇಸ್ ಎಂಬ ಇಂಜೆಕ್ಷನ್ ಇದೆ. ಅದಕ್ಕೆ ಮುಂಚೆ ಜಿ6ಪಿಡಿ ಎಂಬ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನೆಲ್ಲ ನೀವು ತೀರ್ಮಾನಿಸಬೇಕಿಲ್ಲ. ದಾರಿ ಒಂದೇ ಅಲ್ಲ ಎಂದು ಅಪ್ಪಾಜಿಗೆ ಗೊತ್ತಿರಲಿ ಅಂತ ಹೇಳಿದೆ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಉಳಿದಿರುವ ಅಲೋಪ್ಯುರಿನಾಲ್ ಸ್ಟ್ರಿಪ್ ಮತ್ತೆ ನುಂಗಿಸಬೇಡಿ. "ದದ್ದು ಹೋಯ್ತಲ್ಲ, ಉಳಿದದ್ದು ಮುಗಿಸೋಣ" ಅನ್ನುವವರನ್ನು ನೋಡಿದ್ದೇನೆ. ಅಲೋಪ್ಯುರಿನಾಲ್‌ನಿಂದ ಬರುವ ದೊಡ್ಡ ಪ್ರತಿಕ್ರಿಯೆ ಶುರುವಾದ ಎರಡರಿಂದ ಎಂಟು ವಾರದೊಳಗೆ ಕಾಣಿಸಿಕೊಳ್ಳುವುದು ವಾಡಿಕೆ. ಅದರಲ್ಲಿ ಜ್ವರ, ಮುಖ ಊತ, ಲಿವರ್, ಕಿಡ್ನಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಅಪ್ಪಾಜಿಯ ದದ್ದು ಇಳಿಯುತ್ತಿದೆ, ಒಳ್ಳೆಯದು. ಆದರೂ ಬೆಂಗಳೂರಿನಲ್ಲಿ ಲಿವರ್, ಕಿಡ್ನಿ ಪರೀಕ್ಷೆ ಇನ್ನೊಮ್ಮೆ ಆಗಲಿ. ಕೇಳಿ ಮಾಡಿಸಿ.

ಸೆಪ್ಟ್ರಾನ್ ಬಗ್ಗೆ. ಇದು ಸಲ್ಫಾ ಮಾತ್ರೆ. ದದ್ದು ತರುವುದರಲ್ಲಿ ಇದಕ್ಕೂ ಹೆಸರಿದೆ. ಆದರೆ ಇದನ್ನು ಸುಮ್ನೆ ಕೊಡುವುದಿಲ್ಲ. ಬೆಂಡಾಮಸ್ಟಿನ್ ಆದ ಮೇಲೆ ಮೈಯ ಕಾವಲು ತಿಂಗಳುಗಟ್ಟಲೆ ದುರ್ಬಲವಾಗಿರುತ್ತದೆ. ಆಗ ಬರುವ ಒಂದು ಬಗೆಯ ನ್ಯುಮೋನಿಯಾವನ್ನು ಇದು ತಡೆಯುತ್ತದೆ. ಹಾಗಾಗಿ "ಸೆಪ್ಟ್ರಾನ್ ನಿಲ್ಲಿಸಿದ್ದೀರಿ, ಅದರ ಬದಲು ಏನು?" ಎಂದು ನೀವೇ ನೆನಪಿಸಿ ಕೇಳಿ. ಬೇರೆ ಔಷಧಿಗಳು ಇವೆ.

ಈಗ ಅಮಾಕ್ಸಿಸಿಲಿನ್ ವಿಷಯದಲ್ಲಿ ಒಂದು ಸೂಕ್ಷ್ಮ. ನಾಳೆ ಯಾರಾದರೂ ಅಪ್ಪಾಜಿಯ ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ಬರೆದುಬಿಡಬಹುದು. ಒಮ್ಮೆ ಬರೆದರೆ ಅದು ಜೀವನಪೂರ್ತಿ ಅಂಟಿಕೊಳ್ಳುತ್ತದೆ. ಕೀಮೋ ಆದವರಿಗೆ ಬಿಳಿ ಕಣ ಇಳಿದು ಜ್ವರ ಬಂದರೆ ಮೊದಲು ಕೊಡುವ ಇಂಜೆಕ್ಷನ್‌ಗಳಲ್ಲಿ ಪಿಪರಾಸಿಲಿನ್ ಒಂದು. ಅದೂ ಪೆನಿಸಿಲಿನ್ ಮನೆತನದ್ದೇ. ಆ ಹಣೆಪಟ್ಟಿ ಇದ್ದರೆ ಅದನ್ನು ಕೊಡಲು ಹಿಂಜರಿಯುತ್ತಾರೆ, ಹುಡುಕಾಟದಲ್ಲಿ ಹೊತ್ತು ಹೋಗುತ್ತದೆ. ಅಲೋಪ್ಯುರಿನಾಲ್ ಜೊತೆಗಿದ್ದಾಗ ತಡವಾಗಿ ಬಂದ ದದ್ದು ಬೇರೆ, ಮಾತ್ರೆ ನುಂಗಿದ ಗಂಟೆಯೊಳಗೆ ಗಂಧೆ ಎದ್ದು ಉಸಿರು ಕಟ್ಟುವ ಅಲರ್ಜಿ ಬೇರೆ. ಆದ್ದರಿಂದ ಬರೆಯುವುದಾದರೆ ಪೂರ್ತಿ ಬರೆಯಿಸಿ: ಅಲೋಪ್ಯುರಿನಾಲ್ ಮತ್ತು ಸೆಪ್ಟ್ರಾನ್ ನಡೆಯುತ್ತಿದ್ದಾಗ, ಅಮಾಕ್ಸಿಸಿಲಿನ್ ಶುರುವಾಗಿ ಆರು ದಿನಕ್ಕೆ, ದಡಾರದಂಥ ದದ್ದು, ಬಾಯಿ ಕಣ್ಣಿಗೆ ಏನಾದರೂ ಆಗಿತ್ತಾ, ಉಸಿರಾಟ ಸರಿ ಇತ್ತಾ ಎಂಬುದು. ಇಷ್ಟು ಇದ್ದರೆ ಮುಂದೆ ನೋಡುವ ಡಾಕ್ಟರ್‌ಗೆ ಕಣ್ಣು ಬಂದ ಹಾಗೆ. ಅಲ್ಲಿಯವರೆಗೆ ನೀವಾಗಿ ಅಂಗಡಿಯಿಂದ ಆ ಮಾತ್ರೆ ತರಬೇಡಿ.

ಹತ್ತಿರದ ಡಾಕ್ಟರ್ ಹತ್ತಿರ ಹೋದದ್ದು ತಪ್ಪಾ ಎಂದು ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರಬಹುದು. ತಪ್ಪಲ್ಲ. ಚಳ್ಳಕೆರೆಯಿಂದ ಬೆಂಗಳೂರು ಇನ್ನೂರು ಕಿಲೋಮೀಟರ್ ಆಗುತ್ತದೆ. ಗಂಟಲು ನೋವಿಗೆ ಅಲ್ಲಿಗೆ ಓಡಲು ಆಗುತ್ತದಾ? ಆದರೆ ಮುಂದಿನ ಸಲ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರ್‌ನಲ್ಲಿ ಹಾಕಿ ಅವರ ಮೇಜಿನ ಮೇಲಿಡಿ. ಸ್ಟ್ರಿಪ್ ಕತ್ತರಿಸುವಾಗ ಔಷಧಿಯ ಹೆಸರಿರುವ ತುದಿ ಉಳಿಸಿಕೊಳ್ಳಿ. ಒಂದೇ ಔಷಧಿ ಹತ್ತಾರು ಕಂಪನಿ ಹೆಸರಲ್ಲಿ ಬರುತ್ತದೆ. ಆದ್ದರಿಂದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೆಂಗಳೂರಿನ ವಾರ್ಡಿನ ನಂಬರ್‌ಗೆ ಒಂದು ಫೋನ್ ಮಾಡಿ "ಇದನ್ನು ಕೊಡಬಹುದಾ" ಎಂದು ಕೇಳಿ ಅಂತ ಅವರಿಗೂ ಹೇಳಿ. ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬರೀ ಗಂಟಲು ನೋವಿನ ಬದಲು ಜ್ವರ ಬಂದರೆ ಕಥೆ ಬೇರೆ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕ್ಲಿನಿಕ್, ಮಾತ್ರೆ ಎಂದು ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ದದ್ದಿನ ವಿಷಯದಲ್ಲಿ ಇದೇ ಥರ ಓಡಬೇಕಾದ ಲಕ್ಷಣಗಳಿವೆ. ನವೆ ಹೋಗಿ ಉರಿ, ನೋವು ಶುರುವಾದರೆ ನನಗೆ ಭಯ. ತುರಿಸುವ ಚರ್ಮಕ್ಕಿಂತ ನೋಯುವ ಚರ್ಮ ಕೆಟ್ಟದ್ದು. ಬಾಯೊಳಗೆ ಹುಣ್ಣು, ತುಟಿ ಒಡೆದು ರಕ್ತ, ಕಣ್ಣು ಕೆಂಪಾಗಿ ಬೆಳಕು ನೋಡಲು ಆಗದಿರುವುದು, ಮೂತ್ರದ ಜಾಗದಲ್ಲಿ ಹುಣ್ಣು, ನೀರುಗುಳ್ಳೆ, ಮುಟ್ಟಿದರೆ ಚರ್ಮ ಜಾರುವುದು, ಮುಖ ಊದುವುದು, ಕಣ್ಣು ಹಳದಿಯಾಗುವುದು, ಉಸಿರು ಕಟ್ಟುವುದು. ಇದರಲ್ಲಿ ಒಂದು ಕಂಡರೂ ಹೊಸ ಮಾತ್ರೆಗಳ ಮುಂದಿನ ಡೋಸ್ ಕೊಡದೆ, 108ಕ್ಕೆ ಕರೆ ಮಾಡಿ ಚಿತ್ರದುರ್ಗ ಅಥವಾ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಬನ್ನಿ. ನೇರವಾಗಿ ಬೆಂಗಳೂರಿಗೇ ಹೋಗೋಣ ಎಂದು ಹೆದ್ದಾರಿಯಲ್ಲಿ ನಾಲ್ಕು ಗಂಟೆ ಕಳೆಯಬೇಡಿ. ಮೊದಲು ಹತ್ತಿರದಲ್ಲಿ ಸಲೈನ್ ಹಾಕಿ, ಚರ್ಮದ ಡಾಕ್ಟರ್ ನೋಡಲಿ, ಆಮೇಲೆ ಅವರೇ ಬೆಂಗಳೂರಿನವರ ಜೊತೆ ಮಾತಾಡುತ್ತಾರೆ.

ಎಲ್ಲ ಕೆಂಪೂ ಔಷಧಿಯಿಂದ ಬಂದದ್ದಲ್ಲ ಎಂಬುದೂ ನೆನಪಿರಲಿ. ಕಾಲಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಎದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಬಣ್ಣ ಹೋಗದಿದ್ದರೆ ಅದು ಚರ್ಮದೊಳಗೆ ಸೋರಿದ ರಕ್ತ, ಪ್ಲೇಟ್‌ಲೆಟ್ ಇಳಿದಿರಬಹುದು. ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಗುಳ್ಳೆ, ಜೊತೆಗೆ ಸೂಜಿ ಚುಚ್ಚಿದ ನೋವು ಬಂದರೆ ಸರ್ಪಸುತ್ತು. ನಮ್ಮ ಕಡೆ ಅದಕ್ಕೆ ಕೆಮ್ಮಣ್ಣು ಹಚ್ಚಿ ಕೂರಿಸುತ್ತಾರೆ. ಲ್ಯುಕೇಮಿಯಾ ಇರುವವರಲ್ಲಿ ಹಾಗೆ ಕಳೆದ ಎರಡು ದಿನ ತುಂಬ ದುಬಾರಿ. ಅಪ್ಪಾಜಿಗೆ ಅಸೈಕ್ಲೋವಿರ್ ಕೊಟ್ಟಿರುವುದೇ ಅದು ಬರದಿರಲಿ ಎಂದು. ಅದನ್ನು ನಿಲ್ಲಿಸಲು ಹೇಳಿಲ್ಲ ಅಲ್ವಾ? ಹಾಗಾದರೆ ತಪ್ಪಿಸಬೇಡಿ.

ಇದನ್ನು ಓದುವ ಬೇರೆ ಮನೆಯವರಿಗೂ ಎರಡು ಮಾತು. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇರುವ ಮಕ್ಕಳು 6-ಮರ್ಕಾಪ್ಟೊಪ್ಯೂರಿನ್ ನುಂಗುತ್ತಿದ್ದರೆ ಅಲೋಪ್ಯುರಿನಾಲ್ ಬೆರೆಯಲೇ ಬಾರದು. ಡಾಕ್ಟರ್ ಬೇಕೆಂದೇ ಬೆರೆಸಿದರೆ ಮರ್ಕಾಪ್ಟೊಪ್ಯೂರಿನ್ ಪ್ರಮಾಣವನ್ನು ಕಾಲು ಅಥವಾ ಮೂರನೇ ಒಂದು ಭಾಗಕ್ಕೆ ಇಳಿಸಿರುತ್ತಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಬೇಡಿ. ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗದೆ ಉಳಿದು ಬಾಯಿ, ಚರ್ಮ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತದೆ. ಆ ಮಾತ್ರೆಯನ್ನು ದಿನಾ ನುಂಗಿಬಿಟ್ಟವರಲ್ಲೂ ಇದೇ ಆಗುತ್ತದೆ. ವಾರದ ಯಾವ ದಿನ ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಫಂಗಸ್‌ಗೆ ವೊರಿಕೊನಜೋಲ್ ನಡೆಯುತ್ತಿದ್ದರೆ ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಮುಖ ಕೊಡಬೇಡಿ, ಚರ್ಮ ಸುಟ್ಟ ಹಾಗಾಗುತ್ತದೆ.

ಇನ್ನು ಸೋದರತ್ತೆಯವರ ಬೇವು. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಅಮ್ಮ ಎದ್ದ ಮಕ್ಕಳಿಗೆ ಬೇವಿನ ಸೊಪ್ಪಿನಲ್ಲೇ ನಾವೆಲ್ಲ ಮಲಗಿದ್ದೇವೆ. ಆದರೆ ಅಪ್ಪಾಜಿಯ ಚರ್ಮ ಈಗ ಹೊಸದಾಗಿ ಬರುತ್ತಿದೆ. ಅರೆದ ಸೊಪ್ಪು ಒಣಗಿ ಹಿಡಿದಾಗ ಗೀರಾಗುತ್ತದೆ. ಒರಳಿನ, ಸೊಪ್ಪಿನ ಕೀಟಾಣು ಆ ಗೀರಿನಿಂದ ಒಳಗೆ ಹೋಗುತ್ತದೆ. ಬಿಳಿ ಕಣ ಕಡಿಮೆ ಇರುವವರಿಗೆ ಅಷ್ಟು ಸಾಕು. ಕಷಾಯವೂ ಬೇಡ. ಅದು ಲಿವರ್ ಮೇಲೆ ಏನು ಮಾಡಿತು, ಔಷಧಿ ಏನು ಮಾಡಿತು ಎಂದು ಆಮೇಲೆ ಬಿಡಿಸಲು ಆಗುವುದಿಲ್ಲ. ಉಗುರುಬೆಚ್ಚಗಿನ ನೀರು, ಮೆದು ಸೋಪು, ಒರೆಸುವಾಗ ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ತೇವ ಇರುವಾಗಲೇ ಶುದ್ಧ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಕಡ್ಲೆಹಿಟ್ಟು, ಸೀಗೆಪುಡಿ ಒಂದು ತಿಂಗಳು ದೂರ. ಉಗುರು ಚಿಕ್ಕದಾಗಿರಲಿ. ಉದುರುವ ಸಿಪ್ಪೆಯನ್ನು ಕಿತ್ತು ತೆಗೆಯಬಾರದು. ಅಂಗಡಿಯಲ್ಲಿ ಸಿಗುವ, ಸ್ಟಿರಾಯ್ಡ್ ಸೇರಿದಂತೆ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ತರಬೇಡಿ.

ಬೆಂಗಳೂರಿಗೆ ಹೋಗುವಾಗ ದದ್ದು ಜೋರಾಗಿದ್ದ ದಿನದ ಫೋಟೋ ಇದ್ದರೆ ಒಯ್ಯಿರಿ. ಹೊತ್ತು ಕಳೆದಂತೆ ದದ್ದು ಮಾಯುತ್ತದೆ, ಡಾಕ್ಟರ್ ನೋಡುವುದು ಬರೀ ಕಲೆಯನ್ನು. ನೀವು ನನಗೆ ಬರೆದ ಈ ಪತ್ರವನ್ನೇ ಒಂದು ಹಾಳೆಯಲ್ಲಿ ಇಳಿಸಿ ಫೈಲಿನ ಮೊದಲ ಪುಟವಾಗಿ ಇಡಿ.

ಊಟದ ವಿಷಯ ಕೊನೆಗೆ ಉಳಿಸಿದ್ದೆ, ಯಾಕೆಂದರೆ ಅದನ್ನು ನೀವು ಇವತ್ತೇ ಬದಲಾಯಿಸಬಹುದು. ಈ ದದ್ದು ಬದನೆಕಾಯಿಯಿಂದ ಬಂದದ್ದಲ್ಲ, ಮೊಟ್ಟೆಯಿಂದಲೂ ಅಲ್ಲ. ಮೈತುಂಬ ಚರ್ಮ ಉದುರಿ ಹೊಸದು ಬರುವಾಗ ಪ್ರೋಟೀನ್ ಜಾಸ್ತಿ ಬೇಕು, ಆ ಹೊತ್ತಿಗೇ ನಾವು ಅದನ್ನು ಬಿಡಿಸಿ ಬರೀ ಗಂಜಿ ಕೊಡುತ್ತೇವೆ. ಪೂರ್ತಿ ಬೇಯಿಸಿದ ಮೊಟ್ಟೆ ಕೊಡಿ. ಬೇಳೆ, ಕಾಳು ಸಾರು ಕೊಡಿ. ಅರ್ಧ ಬೆಂದದ್ದು, ಹೊರಗಡೆ ಕೊಯ್ದಿಟ್ಟ ಹಣ್ಣು ಬೇಡ. ಮತ್ತೆ ಚಳ್ಳಕೆರೆಯವರಿಗೆ ಶೇಂಗಾ ಬಿಡಿ ಎಂದರೆ ಹೇಗೆ? ಮೊದಲಿನಿಂದ ತಿಂದು ಒಗ್ಗಿದವರು ತಿನ್ನಬಹುದು. ಮುಗ್ಗು ಹಿಡಿದ ಹಳೆ ಕಾಳು ಆರಿಸಿ ತೆಗೆದು, ಚೆನ್ನಾಗಿ ಹುರಿದು, ಅವತ್ತಿನ ಚಟ್ನಿ ಅವತ್ತೇ ಮಾಡಿ ಬಿಸಿ ರೊಟ್ಟಿ ಜೊತೆ ಅಪ್ಪಾಜಿಯ ಮುಂದಿಡಿ. ಬೆಂಗಳೂರಿಗೆ ಹೊರಡುವ ಮಾತನ್ನು ಆಗಲೇ ಎತ್ತಿ.